ತಿರುಗುವ ಕುರ್ಚಿ, ಅಗಸಿಯ ಲೋಳೆ

ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಬ್ಯೂಟಿ ಪಾರ್ಲರ್ ತೆರೆದಾಗ ಅತ್ತೆಗೆ ಸಿಟ್ಟು ಬಂದದ್ದು ಪಾರ್ಲರಿನ ಮೇಲಲ್ಲ, ಕುರ್ಚಿಯ ಮೇಲೆ. ನಿಪ್ಪಾಣಿಯ ಒಂದು ಕಟಿಂಗ್ ಸಲೂನಿನವರು ಹೊಸ ಕುರ್ಚಿ ತರಿಸಿದಾಗ ಅವರ ಹಳೆಯ ತಿರುಗುವ ಕುರ್ಚಿಯನ್ನು ನಾನು ಟೆಂಪೋದಲ್ಲಿ ಹೇರಿಸಿಕೊಂಡು ಬಂದಿದ್ದೆ. ಊರ ಗಂಡಸರೆಲ್ಲ ಗಡ್ಡ ಕೆರೆಸಿಕೊಂಡ ಕುರ್ಚಿ ದೇವರ ಮನೆಗೆ ನಾಲ್ಕೇ ಹೆಜ್ಜೆ ದೂರದಲ್ಲಿ ಬಂದು ಕೂತಿತಲ್ಲ ಎಂದು ಅವರ ಸಂಕಟ. ಕಸ ಗುಡಿಸುವಾಗಲೂ ಸೆರಗು ತಾಗದಂತೆ ಅದರ ಸುತ್ತ ಹಾಯ್ದು ಹೋಗುತ್ತಿದ್ದರು. ಕುರ್ಚಿಯ ಅಡಿಯ ಕಸ ನನ್ನ ಪಾಲಿಗೆ.

ಅದು ತೊಂಬತ್ತರ ದಶಕದ ಆರಂಭ. ಮದುವೆಗೆ ಮುಂಚೆ ಕೊಲ್ಹಾಪುರದ ಸೋದರಮಾವನ ಮನೆಯಲ್ಲಿದ್ದುಕೊಂಡು ನಾನು ಈ ಕೆಲಸ ಕಲಿತಿದ್ದೆ. ಚಿಕ್ಕೋಡಿಯಲ್ಲಿ ಹುಬ್ಬು ತೆಗೆಸಲು ಕಾಲೇಜಿನ ಹುಡುಗಿಯರು ಕದ್ದು ಬರುತ್ತಿದ್ದರು, ಅವರನ್ನು ಹುಡುಕಿಕೊಂಡು ಅವರ ತಾಯಂದಿರು ಬರುತ್ತಿದ್ದರು. ಆರು ತಿಂಗಳಾದರೂ ಒಂದು ಮದುವೆಯ ಕರೆ ಬಂದಿರಲಿಲ್ಲ. ಕೊನೆಗೆ ಕೊಗನೊಳ್ಳಿಯಿಂದ ಒಂದು ಬಂತು.

ಅತ್ತೆ ಅಂದು ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟರು. "ಇದೊಂದ್ ಲಗ್ನ ಮಾಡಿ ನೋಡವಾ. ಮದುಮಗಳು ಚಂದ ಕಂಡ್ರ ನಿನ್ನ ಅಂಗಡಿ ನಡೀಲಿ. ಇಲ್ಲಂದ್ರ ಆ ಕುರ್ಚಿ ಬಂದ ದಾರೀಲೆ ಹೊಳ್ಳಿ ಹೋಗಬೇಕು."

"ಆಗ್ಲಿರಿ ಅತ್ತಿ," ಎಂದೆ. ನನ್ನದೂ ಮೊಂಡು ಸ್ವಭಾವ.

ಮದುಮಗಳು ಮೊದಲೇ ಒಂದು ಸಲ ಬಂದು ಹೋದಳು. ಅಷ್ಟು ದಟ್ಟವಾದ, ಅಷ್ಟು ಗುಂಗುರು ಕೂದಲನ್ನು ನಾನು ಅಲ್ಲಿವರೆಗೆ ಮುಟ್ಟಿರಲಿಲ್ಲ. ಬಾಚಣಿಕೆ ಹಾಕಿದರೆ ಬಾಚಣಿಕೆಯೇ ಅಲ್ಲಿ ಉಳಿಯುವಂತಿತ್ತು. ಹೆಣ್ಣು ನೋಡಲು ಬಂದ ದಿನ ಗಂಡಿನ ಸೋದರತ್ತೆಯೊಬ್ಬಳು "ಕೇಸ್ ಆಹೇತ್ ಕೀ ಘೋಂಗಡಿ?" ಎಂದಿದ್ದಳಂತೆ. ಕೂದಲೋ ಕಂಬಳಿಯೋ ಎಂದು ಕೇಳಿದ ಆ ಮಾತನ್ನು ಹೇಳುವಾಗ ಹುಡುಗಿಯ ಕಣ್ಣು ತುಂಬಿತು. "ಅಕ್ಕಾರ, ಒಂದ ದಿನಾ ನುಣ್ಣಗ ಕಾಣಬೇಕ್ರಿ. ಅಕ್ಕಿಕಾಳ ಬೀಳೂತನಕ ಸಾಕು," ಎಂದಳು. ನನಗೆ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟು ಬಂತು. ಕನ್ನಡಿಯ ಹಾಗೆ ಮಾಡಿ ಕಳಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ನನ್ನ ಧೈರ್ಯವೆಲ್ಲ ಕೊಲ್ಹಾಪುರದಿಂದ ತಂದ ಒಂದು ಡಬ್ಬಿ ನೀಲಿ ಜೆಲ್ಲಿನಲ್ಲಿತ್ತು. ಒದ್ದೆ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿ, ಬುಡದಿಂದ ತುದಿಯವರೆಗೆ ಜೆಲ್ ಸವರಿ, ಸಣ್ಣ ಹಲ್ಲಿನ ಬಾಚಣಿಕೆಯಿಂದ ಎಳೆದು, ಒಣಗುವ ತನಕ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಒಣಗಿದ ಮೇಲೆ ಕೂದಲು ಎಳೆದ ಹಾಗೆಯೇ ನಿಲ್ಲುತ್ತದೆ. ಒಂದೇ ಷರತ್ತು, ಕೂದಲಲ್ಲಿ ಎಣ್ಣೆ ಇರಬಾರದು. "ಲಗ್ನಕ್ಕ ಮೊದಲ ಎರಡ ದಿನಾ ತಲಿಗೆ ಎಣ್ಣಿ ಮುಟ್ಟಸಬ್ಯಾಡ," ಎಂದು ಹುಡುಗಿಗೆ ಬೆರಳು ಮಡಚಿ ಹೇಳಿದ್ದೆ.

ಮದುವೆಯ ದಿನ ಬೆಳಿಗ್ಗೆ ಅತ್ತೆಯೂ ಜೊತೆಗೆ ಹೊರಟರು. ಸೊಸೆಯನ್ನು ಒಬ್ಬಳನ್ನೇ ಪರ ಊರಿಗೆ ಕಳಿಸುವುದಿಲ್ಲ ಎಂಬುದು ಹೇಳಿದ ಕಾರಣ. ತೀರ್ಪು ಕೊಟ್ಟವರೇ ಸಾಕ್ಷಿಯಾಗಬೇಕು ಎಂಬುದು ನಿಜವಾದ ಕಾರಣ. ಕೊಗನೊಳ್ಳಿಯಲ್ಲಿ ಮದುಮಗಳ ತಲೆಯ ಮೇಲೆ ಕೈಯಿಟ್ಟೆ, ಅಂಗೈ ಜಾರಿತು.

ಹಿಂದಿನ ದಿನ ಎಣ್ಣೆ ಅರಿಷಿಣದ ಶಾಸ್ತ್ರ. ಐದು ಜನ ಮುತ್ತೈದೆಯರು ತಲೆಗೆ ಎಣ್ಣೆ ಮುಟ್ಟಿಸಬೇಕು. ಬಂದವರು ಹನ್ನೊಂದು ಜನ. "ಎಷ್ಟ ಒಣಗೇತವಾ ಕೂದ್ಲಾ," ಎಂದು ಒಬ್ಬೊಬ್ಬರೂ ಬೊಗಸೆ ತುಂಬ ಸುರಿದು ಹರಸಿದ್ದರು. ಹರಸುವ ಕೈಗೆ ಬೇಡ ಎನ್ನಲು ಹುಡುಗಿಗೆ ಬಾಯಿ ಬಂದಿರಲಿಲ್ಲ. ತಪ್ಪು ನನ್ನದೇ. ಇದೇ ಸೀಮೆಯಲ್ಲಿ ಹುಟ್ಟಿ, ನನ್ನ ತಲೆಗೂ ಅದೇ ಶಾಸ್ತ್ರ ಮಾಡಿಸಿಕೊಂಡು, ಮದುಮಗಳಿಗೆ ಎಣ್ಣೆ ಹಚ್ಚಬೇಡ ಎಂದು ಹೇಳಿ ನಿಶ್ಚಿಂತೆಯಿಂದ ಕೂತಿದ್ದೆನಲ್ಲ!

ಹೆದರಿಕೆಗೆ ಬುದ್ಧಿ ಓಡಲಿಲ್ಲ. ಎಣ್ಣೆಯ ಮೇಲೆಯೇ ಜೆಲ್ ಬಳಿದೆ. ಅದು ಮೊಸರೊಡೆದ ಹಾಗೆ ಬಿಳಿ ಬಿಳಿ ಗಂಟಾಗಿ ಕಿವಿಯ ಮೇಲೆ ಇಳಿಯಿತು. ಇನ್ನಷ್ಟು ಬಳಿದೆ, ಇನ್ನಷ್ಟು ಇಳಿಯಿತು. ಡಬ್ಬಿಯ ತಳ ಕಂಡಾಗ ಗಂಟೆ ಒಂಬತ್ತು. ಹನ್ನೆರಡೂವರೆಗೆ ಮುಹೂರ್ತ, ಅಕ್ಕಿಕಾಳು ಬೀಳಬೇಕು. ಕನ್ನಡಿಯಲ್ಲಿ ನೋಡಿಕೊಂಡ ಹುಡುಗಿ ಸದ್ದಿಲ್ಲದೆ ಅಳತೊಡಗಿದಳು. ನಾನೂ ಅಳುವುದೊಂದೇ ಬಾಕಿ.

ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಆಗಲೇ ಕುರ್ಚಿ ಟೆಂಪೋ ಹತ್ತಿತು ಎಂದುಕೊಂಡೆ.

"ಸುಮ್ನ ಯಾಕ ನಿಂತಿ? ಮೊದಲ ತಲಿ ತೊಳಿ," ಎಂದರು.

ಹುಡುಗಿಯ ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತಳು. "ಶಾಸ್ತ್ರದ ಎಣ್ಣಿ ತೊಳೀತಾರೇನ್ರಿ ಯಾರರ?"

"ಆಶೀರ್ವಾದ ನಿನ್ನೇನ ನೆತ್ತ್ಯಾಗ ಇಳದೈತ್ರಿ. ನಾವು ಎಣ್ಣಿ ಅಷ್ಟ ತೊಳೀತೀವಿ," ಎಂದ ಅತ್ತೆ ಅಲ್ಲಿಂದ ನೇರವಾಗಿ ಅಡುಗೆಮನೆಗೆ ನಡೆದರು. "ನಿಮ್ಮಲ್ಲಿ ಅಗಸಿ ಅದಾವೇನ್ರಿ?"

ಚಟ್ನಿಗೆ ಹುರಿದಿಟ್ಟ ಅಗಸೆ ಬೀಜ ತಂದುಕೊಟ್ಟರು. ಅತ್ತೆ ತಳ್ಳಿಬಿಟ್ಟರು. "ಹುರದದ್ದು ಬ್ಯಾಡ, ಹಸೀದು ಕೊಡ್ರಿ." ಎರಡು ಹಿಡಿ ಅಗಸಿಯನ್ನು ಪಾತೇಲಿಯಲ್ಲಿ ನೀರಿಗೆ ಹಾಕಿ ಕುದಿಸಿದರು. ನೊರೆ ಉಕ್ಕಿ ನೀರು ದಪ್ಪವಾಗಿ, ಸೌಟೆತ್ತಿದರೆ ಎಳೆ ಎಳೆಯಾಗಿ ಇಳಿಯತೊಡಗಿದಾಗ ಹಳೆಯ ಧೋತರದ ತುಂಡಿನಲ್ಲಿ ಬಿಸಿ ಬಿಸಿಯಾಗಿಯೇ ಹಿಂಡಿದರು. ಮೂರು ಸಲ ಶಾಂಪೂ ಹಾಕಿ ತೊಳೆದು ನಾನು ಬರುವಷ್ಟರಲ್ಲಿ ಇನ್ನೊಂದು ಪಾತೇಲಿಯ ತಣ್ಣೀರಲ್ಲಿ ಒಂದು ಬಟ್ಟಲು ತಣಿಯುತ್ತಿತ್ತು. ಅದರಲ್ಲಿ ತಿಳಿಯಾದ ಲೋಳೆ, ಬಣ್ಣ ಒಂದು ಬಿಟ್ಟರೆ ನನ್ನ ಡಬ್ಬಿಯದೇ ಜೆಲ್.

ನಾನು ಎಳೆ ಬಿಡಿಸಿ ಲೋಳೆ ಸವರಿದೆ. ಅತ್ತೆ ಬಾಚಿ ಎಳೆದು ಹಿಡಿದರು. ನಾನು ಪಟ್ಟಿ ಕಟ್ಟಿದೆ. ಕರೆಂಟು ಹೋಗಿತ್ತು, ಆದರೆ ಬೇಸಿಗೆಯ ಬಿಸಿಲು ನಮ್ಮ ಪಾಲಿಗಿತ್ತು. ಮಾಳಿಗೆಯ ಮೇಲೆ ಹುಡುಗಿಯನ್ನು ಕೂರಿಸಿದೆವು, ಅರ್ಧ ಗಂಟೆಯಲ್ಲಿ ಕೂದಲು ಗರಿಗರಿ ಒಣಗಿತು. ಪಟ್ಟಿ ಬಿಚ್ಚಿದಾಗ ಗುಂಗುರೆಲ್ಲ ಎಲ್ಲಿ ಹೋಯಿತೋ! ನೆತ್ತಿಯಿಂದ ಕುತ್ತಿಗೆಯವರೆಗೆ ನುಣುಪಾಗಿ, ಮಿರಮಿರ ಮಿಂಚುವ ಕೂದಲು. ತುರುಬು ಕಟ್ಟಿ ಮಲ್ಲಿಗೆಯ ಗಜರೆ ಸುತ್ತಿದೆ. ಹುಡುಗಿ ಕನ್ನಡಿ ನೋಡಿ ನಕ್ಕಳು. ಅಕ್ಕಿಕಾಳು ಬೀಳುವಾಗ ಗಂಡಿನ ಅದೇ ಸೋದರತ್ತೆ ಪಕ್ಕದವಳಿಗೆ "ಛಾನ್ ದಿಸತೆ," ಎಂದದ್ದು ನನ್ನ ಕಿವಿಗೆ ಬಿತ್ತು. ಚಂದ ಕಾಣುತ್ತಾಳೆ ಎಂದು ಆ ಬಾಯಿಂದಲೇ ಕೇಳಿ ನನಗೆ ಊಟವಿಲ್ಲದೆ ಹೊಟ್ಟೆ ತುಂಬಿತು.

ಹಿಂತಿರುಗುವ ಬಸ್ಸಿನಲ್ಲಿ ನಾನು ಕೇಳಿದೆ. "ಅತ್ತಿ, ಇದು ನಿಮಗ ಹೆಂಗ ಗೊತ್ತಿತ್ರಿ?"

ಅವರು ಸೆರಗನ್ನು ಎರಡು ಬೆರಳಷ್ಟು ಹಿಂದೆ ಸರಿಸಿದರು. ಮೂರು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವರ ತಲೆಗೂದಲನ್ನು ಸರಿಯಾಗಿ ನೋಡಿರಲಿಲ್ಲ. ಹಣೆಯ ಮೇಲೆ ಬೆಳ್ಳಗಿನ ಸಣ್ಣ ಸಣ್ಣ ಗುಂಗುರು.

"ತೆಲಸಂಗದಾಗ ನಮ್ಮ ಹೊಲದ ಅಗಸೀನ ಕುದಿಸಿ, ನನ್ನ ಲಗ್ನದ ದಿನ ನಮ್ಮವ್ವ ಹಿಂಗ ಹಚ್ಚಿ ಎಳದು ಕಟ್ಟಿದ್ಳು. ಆಮ್ಯಾಲ ಯಾರ್ ಎಳೀಬೇಕು? ಸೆರಗಿನಾಗ ಮುಚ್ಚಿ ಇಟ್ಟೆ," ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಕೈಯಲ್ಲಿನ್ನೂ ಅಗಸಿಯ ವಾಸನೆ ಇತ್ತು.

ಮರುದಿನ ಮಧ್ಯಾಹ್ನ ನಾನು ಬಾಚಣಿಕೆಗಳನ್ನು ತೊಳೆದಿಡುತ್ತಿದ್ದೆ. ಅತ್ತೆ ಒಳಗಿನಿಂದ ಒಂದು ಬಟ್ಟಲು ಹಿಡಿದು ಬಂದರು, ಅದರಲ್ಲಿ ಆಗಷ್ಟೇ ಹಿಂಡಿದ ಲೋಳೆ. "ಬಾಗಲಾ ಮುಂದ ಮಾಡು ಮೊದಲ," ಎಂದರು. ಬಾಗಿಲು ಮುಚ್ಚಿ ತಿರುಗಿದಾಗ ಅವರು ಕುರ್ಚಿಯಲ್ಲಿ ಕೂತಿದ್ದರು, ಅದರ ಕೈಗಳೆರಡನ್ನೂ ಬಿಗಿಯಾಗಿ ಹಿಡಿದುಕೊಂಡು, ಸೆರಗು ಹೆಗಲ ಮೇಲೆ ಬಿಟ್ಟುಕೊಂಡು.

"ಇದು ಖರೇನ ತಿರಗತೈತೇನ?"

ನಾನು ಕುರ್ಚಿಯನ್ನು ಮೆಲ್ಲಗೆ ಕನ್ನಡಿಯ ಕಡೆ ತಿರುಗಿಸಿದೆ. ಅತ್ತೆ ತಮ್ಮ ಗುಂಗುರು ತಲೆಯನ್ನು ಬಹಳ ಹೊತ್ತು ನೋಡಿಕೊಂಡರು. ನಾನು ಲೋಳೆಯ ಬಟ್ಟಲು ಕೈಗೆತ್ತಿಕೊಂಡೆ.

"ತಡಿ, ಹಚ್ಚೂದು ಇರಲಿ," ಎಂದರು ಅತ್ತೆ. "ಮೊದಲ ಇನ್ನೊಮ್ಮೆ ತಿರುಗಸು."