ಚಷ್ಮಾ ಚಾಚಾ ಹೊಲಿದ ಕಾರು

ಚಷ್ಮಾ ಚಾಚಾನ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನ ಹಾಗೆ ದಪ್ಪಗೆ, ಹಳದಿಯಾಗಿತ್ತು. ಕನ್ನಡಕದ ಫ್ರೇಮು ಕೊಟ್ಟರೆ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಆ ಉಗುರನ್ನು ಮೆಲ್ಲಗೆ ಅದರ ಮೇಲೆ ಎಳೆಯುತ್ತಿದ್ದರು. ಎಲ್ಲಿ ತಡೆಯಿತೋ ಅಲ್ಲಿ ಬಿರುಕು.

ರಾಯಚೂರಿನ ನಮ್ಮ ಓಣಿಯ ಮೂಲೆಯಲ್ಲಿ ಅವರ ಅಂಗಡಿ. ಊರು ಮಾನ್ವಿ, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರು. ಮುರಿದ ಫ್ರೇಮಿನ ಎರಡೂ ತುದಿಗೆ ಪ್ಲಾಸ್ಟಿಕ್ ಕರಗಿಸುವ ಅಸಿಟೋನ್ ಹಚ್ಚಿ, ಉಸಿರು ಬಿಗಿಹಿಡಿದು ಕೂಡಿಸಿದರೆ ಜೋಡಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಸೊಟ್ಟ ಫ್ರೇಮು ತಂದ ಹುಡುಗರಿಗೆ, "ಚಷ್ಮಾ ಹಾಕ್ಕೊಂಡೇ ಮಲಗ್ತೀ ಏನ್ಲೇ? ಕನಸು ಭಾಳ ಸಾಫ್ ಕಾಣ್ತಾವೇನು?" ಎಂದು ಕಾಡುತ್ತಿದ್ದರು. ನನಗೆ ಮಾತ್ರ "ಬೇಟಿ", ಜೊತೆಗೊಂದು "ರೀ".

ಎಂಬತ್ತರ ದಶಕದ ಮೊದಲ ವರ್ಷಗಳು. ಸೌದಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ರಜೆಗೆ ಬಂದಾಗ ರಿಮೋಟಿನಿಂದ ಓಡುವ ಕೆಂಪು ಕಾರು ತಂದಿದ್ದ. ದೇವದುರ್ಗದ ತವರುಮನೆಯ ಅಂಗಳದಲ್ಲಿ ಅದನ್ನು ಅವ್ವನ ಕಾಲಿನ ಸುತ್ತ ಓಡಿಸಿದರೆ ಅವಳು ಸೀರೆ ಎತ್ತಿ ಹಿಡಿದು, "ಲೇ, ನಿಂದರ್ಸೋ, ಕಚ್ಚತದ ಅದು!" ಎಂದು ನಗುತ್ತಾ ಕೂಗುತ್ತಿದ್ದಳು. ಮುಂದಿನ ರಜೆ ಬರಲಿಲ್ಲ. ಅಲ್ಲೇ, ಕೆಲಸದ ಜಾಗದಲ್ಲಿ, ಅಪಘಾತವಾಗಿ ಹೋದ. ಮಣ್ಣೂ ಅಲ್ಲೇ ಆಯಿತು. ನಮಗೆ ಮುಖ ನೋಡಲೂ ಸಿಗಲಿಲ್ಲ.

ಅವ್ವನಿಗೆ ಉಳಿದದ್ದು ಆ ಕಾರು. ಗೋಡೆಯ ಗೂಡಿನಲ್ಲಿಟ್ಟು ದಿನಾ ಸೆರಗಿನಿಂದ ಒರೆಸುತ್ತಿದ್ದಳು. ಒಂದು ದಿನ ಒರೆಸುವಾಗಲೇ ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಕಾರಿನ ಮೂತಿಯ ಮೇಲೆ ಬೆರಳುದ್ದದ ಬಿರುಕು. "ನನ್ನ ಕೈಯಾರೆ ಒಡದೆ" ಎಂದ ಅವ್ವ ಊಟ ಬಿಟ್ಟಳು.

ನಾನು ಕಾರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ತಂದೆ. ಚಾಚಾ ಉಗುರು ಎಳೆದು ನೋಡಿ ನಕ್ಕರು. "ಇಷ್ಟೇ ಏನ್ರಿ ಬೇಟಿ? ಚಷ್ಮಾ ಆದರೇನು, ಗಾಡಿ ಆದರೇನು, ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ಚಾ ಕುಡಿಯೋದ್ರಾಗ ಮಾಡಿ ಕೊಡ್ತೀನಿ."

ಕುಂಚದ ತುದಿಯಿಂದ ಅಸಿಟೋನ್ ಮುಟ್ಟಿಸಿದರು. ನಾನು ನೋಡುತ್ತಿದ್ದಂತೆಯೇ ಕೆಂಪಿನ ಮೇಲೆ ಬಿಳಿ ಮಂಜು ಹಬ್ಬಿತು. ಚಟ್, ಚಟ್ ಎಂದು ಸಣ್ಣ ಸದ್ದು. ಒಂದು ಬಿರುಕು ಜೇಡರ ಬಲೆಯಾಯಿತು. ಅದು ಚಷ್ಮಾದ ಪ್ಲಾಸ್ಟಿಕ್ ಆಗಿರಲಿಲ್ಲ.

ಚಾಚಾ ಕುಂಚ ಕೆಳಗಿಡುವುದನ್ನೂ ಮರೆತರು. "ನಾ ಏನು ಮಾಡಿಬಿಟ್ಟೆ, ಬೇಟಿ."

ಆಮೇಲೆ ಅವರಿಗೊಂದು ದಾರಿ ಹೊಳೆಯಿತು. ಕಾಯಿಸಿದ ಸೂಜಿಯಿಂದ ಪ್ರತಿ ಬಿರುಕಿನ ತುದಿಗೂ ಸಣ್ಣ ತೂತು. "ಬಿರುಕು ಇಲ್ಲಿತನಾ ಬಂದು ತೂತಿನ್ಯಾಗ ಬೀಳ್ತದ. ಮುಂದ ಹೋಗಂಗಿಲ್ಲ." ಒಳಗಡೆ ತೆಳು ಬಟ್ಟೆ ಅಂಟಿಸಿ, ಮೇಲೆ ನೈಲಾನ್ ದಾರದ ಹೊಲಿಗೆ. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರ್ ಕೂಡ ಮೆಚ್ಚುವಷ್ಟು ಸಮ. ತವರಿಗೆ ಒಯ್ದು ಕೊಟ್ಟಾಗ ಅವ್ವ ಆ ಹೊಲಿಗೆಯ ಮೇಲೆ ಕೈಯಾಡಿಸಿ, "ಭಾಳ ನೋವಾತೇನೋ ಯಪ್ಪಾ" ಎಂದಳು. ಅವತ್ತು ಒಂದು ರೊಟ್ಟಿ ತಿಂದಳು.

ಆದರೆ ನಮ್ಮ ಕಡೆಯ ಬಿಸಿಲು! ಪ್ರತಿ ಬೇಸಗೆಗೆ ಯಾವುದೋ ಒಂದು ಬಿರುಕು ತೂತು ದಾಟುತ್ತಿತ್ತು. ನಾನು ತರುತ್ತಿದ್ದೆ, ಚಾಚಾ ಇನ್ನಷ್ಟು ಮುಂದೆ ಇನ್ನೊಂದು ತೂತು ಹಾಕುತ್ತಿದ್ದರು. ಇದು ಉಳಿಯಂಗಿಲ್ಲ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಚಾಚಾನ ಕಣ್ಣಿಗೇ ಪೊರೆ ಬಂದು ಅಂಗಡಿ ಮುಚ್ಚಿತು. ಕಾಯಿಲೆ ಬಿದ್ದಿದ್ದಾರೆಂದು ಕೇಳಿ ಮಾನ್ವಿಗೆ ಹೋದೆ, ಕಾರೂ ಜೊತೆಗಿತ್ತು. ಮಂಚದ ಮೇಲೆ ಎದ್ದು ಕೂತು, "ಗಾಡಿ ಹೆಂಗದರೀ?" ಎಂದರು.

"ಬಿರುಕು ನಿಂತದ ಚಾಚಾ. ಮುಂದ ಹೋಗಿಲ್ಲ."

ಕೈ ಚಾಚಿದರು. ಕೊಡಲೇಬೇಕಾಯಿತು. ಉಗುರು ಹೊಲಿಗೆ ದಾಟಿತು, ಕೊನೆಯ ತೂತು ದಾಟಿತು, ಕಾರಿನ ಚಾವಣಿಯ ತನಕ ಹೋಗಿ ನಿಂತಿತು. ನಾನು ತಲೆ ತಗ್ಗಿಸಿದೆ.

"ನಿಮ್ಮ ಅವ್ವಗೂ ಹಿಂಗೇ ಹೇಳ್ರಿ, ಬೇಟಿ."

ಸೂಜಿ ಹಿಡಿಯುವ ಶಕ್ತಿ ಕೈಯಲ್ಲಿ ಉಳಿದಿರಲಿಲ್ಲ. ಬಿರುಕಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ಕೂತರು, ನನ್ನ ಬಸ್ಸಿನ ಹೊತ್ತಾಗುವ ತನಕ.

ಆ ಮಳೆಗಾಲದಲ್ಲಿ ಚಾಚಾ ಹೋದರು. ಅವ್ವ ಇನ್ನೂ ಕೆಲವು ವರ್ಷ ಇದ್ದಳು; ಅವಳ ಕಣ್ಣೂ ಮಂದವಾಗಿತ್ತು. ತವರಿಗೆ ಹೋದಾಗಲೆಲ್ಲ ಕಾರನ್ನು ನನ್ನ ಕೈಗಿಟ್ಟು ಕೇಳುತ್ತಿದ್ದಳು: "ನಿಂತದ, ಹೌದಿಲ್ಲೋ?"

ನಾನು ತುದಿ ಹುಡುಕಿ, ಹೆಬ್ಬೆರಳು ಒತ್ತಿ ಹಿಡಿದು ಹೇಳುತ್ತಿದ್ದೆ: "ನಿಂತದವ್ವ."