ಹೊಂಗೆ ಮರದ ಆಚೆಯ ತುಂಡು

ವನಜಾ ನಡೆದರೆ ನಕ್ಷೆಯಾಗುತ್ತಿತ್ತು. ಹನಿ ನೀರಾವರಿಯ ಪೈಪು ಹಾಕುವ ಕಂಪನಿಯೊಂದು ಅವಳ ಕೈಗೆ ಟ್ಯಾಬ್ ಕೊಟ್ಟು, ಮದ್ದೂರು ಸುತ್ತಿನ ಹೊಲಗಳ ಬದುವಿನ ಮೇಲೆ ನಡೆಯಲು ಹೇಳಿತ್ತು. ಅವಳು ನಡೆದಂತೆ ಪರದೆಯ ಮೇಲೆ ನೀಲಿ ಚುಕ್ಕೆಯೊಂದು ನಡೆಯುತ್ತಿತ್ತು, ಹಿಂದೆ ಗೆರೆ ಬಿಡುತ್ತಿತ್ತು. ಹೊರಟ ಜಾಗಕ್ಕೆ ಮರಳಿದರೆ ಒಂದು ಹೊಲ ಮುಗಿಯಿತು. ಬಿಸಿಲಿಗೆ ಪರದೆ ಕಾಣದಾದಾಗ ಸೆರಗನ್ನು ತಲೆಯ ಮೇಲಿಂದ ಎಳೆದುಕೊಂಡು ಆ ಕತ್ತಲೆಯೊಳಗೆ ಮುಖ ಇಟ್ಟು ನೋಡುತ್ತಿದ್ದಳು.

ಕಂಪನಿಯ ನಿಯಮದಂತೆ ಕಣ್ಣಿಗೆ ಕಾಣುವ ಬದುವಷ್ಟೇ ನಕ್ಷೆಗೆ ಸೇರಬೇಕು. ಬದು ಅಳಿದಿದ್ದರೆ ಹೊಲದವರ ಮನೆಯ ಹಿರಿಯರೊಬ್ಬರು ಇಲ್ಲಿತ್ತು ಎನ್ನಬೇಕು; ಆಗ ಅದನ್ನು ಬೇರೆ ತುಂಡೆಂದು ಗುರುತಿಸಿ ಬೇರೆ ಹೆಸರು ಬರೆಯಬಹುದು. ತಕರಾರು ತೆಗೆದವರಿಗೆಲ್ಲ ಅವಳು ಇದನ್ನೇ ಹೇಳುತ್ತಿದ್ದಳು: "ನಾನೇನ್ ಮಾಡ್ಲಣ್ಣ, ದೊಡ್ಡೋರು ಯಾರಾದ್ರೂ ಬಾಯ್ಬುಟ್ಟು ಏಳ್ಲಿ."

ಒಂದು ದಿನ ಕೊಪ್ಪದ ಹತ್ತಿರದ ಅವಳ ತವರೂರಿನ ಸರದಿ ಬಂತು.

ಅಲ್ಲಿ ಹೊಂಗೆ ಮರದ ಆಚೆ ಅವಳದೊಂದು ತುಂಡಿತ್ತು. ಮದುವೆಯ ದಿನ ಅಪ್ಪ ನೆಂಟರೆದುರು, ಇದು ನನ್ನ ಮಗಳ ಅರಿಶಿನ ಕುಂಕುಮಕ್ಕೆ ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದ. ಅಣ್ಣ ಮಹದೇವು ಉಳುತ್ತಿದ್ದ. ಸುಗ್ಗಿ ಮುಗಿದ ಮೇಲೆ ಅದರ ಭತ್ತ ಅವಳ ಮನೆಗೆ ಬರುತ್ತಿತ್ತು. ಅಪ್ಪ ಹೋದ. ಆಮೇಲೆ ಅವಳ ಗಂಡನೂ ಹೋದ. ಆ ಸುಗ್ಗಿಯಿಂದ ಭತ್ತ ಬರಲಿಲ್ಲ, ಅವಳೂ ಕೇಳಲಿಲ್ಲ. ಆ ಮಣ್ಣಿನ ಮೇಲೆ ಅವಳ ಹೆಸರು ಎಲ್ಲೂ ಬರೆದಿರಲಿಲ್ಲ. ಈಗ ಬರೆಯುವ ಕೈ ಅವಳದೇ ಆಗಿತ್ತು.

ಹೋಗಿ ನೋಡಿದರೆ ಮರವೂ ಇಲ್ಲ, ಬದುವೂ ಇಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಕಬ್ಬು.

"ಏನವ್ವಾ, ತವ್ರುಮನೆ ದಾರಿನೂ ಅದೇ ತೋರುಸ್ಬೇಕಾಯ್ತಾ?" ಮಹದೇವು ಟ್ಯಾಬಿನ ಕಡೆ ಗಲ್ಲ ಎತ್ತಿ ನಕ್ಕ.

"ಬದು ಎಲ್ಲೋಯ್ತಣ್ಣ?"

"ಟ್ರ್ಯಾಕ್ಟ್ರು ತಿರುಗಾಕೆ ಅಡ್ಡ ಆಯ್ತಿತ್ತು, ಕಿತ್ತಾಕ್ದೆ. ನಿನ್ ಸ್ಯಾಟಲೈಟ್ನೇ ಕೇಳು, ಮೇಲಿಂದ ಎಲ್ಲಾ ಕಾಣ್ತದಂತಲ್ಲ."

ಅವಳು ಕಬ್ಬಿನೊಳಗೆ ನುಗ್ಗಿದಳು. ಗರಿಗಳು ಕೆನ್ನೆ ಗೀರಿದವು. ಅಪ್ಪನಿಗೆ ಬುತ್ತಿ ಹೊತ್ತು ಬರುತ್ತಿದ್ದ ಬದು ಅದು, ಎಲ್ಲಿತ್ತೆಂದು ಕಾಲಿಗೆ ನೆನಪಿತ್ತು. ಆಚೆ ಬದಿಗೆ ಬಂದಾಗ ನೀಲಿ ಗೆರೆ ಹೊಲವನ್ನು ಎರಡಾಗಿ ಸೀಳಿತ್ತು.

ಅಲ್ಲೇ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದ ಅವ್ವ ದೇವಿರಮ್ಮನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಅವ್ವಾ, ಇಲ್ಲಿ ಬದು ಇತ್ತು ಅಂತ ಒಂದ್ ಮಾತು ಏಳು. ಅಷ್ಟೇ ಸಾಕು."

ಸುತ್ತಿ ಬಂದು ನಿಂತಿದ್ದ ಮಗನ ಕಡೆ ದೇವಿರಮ್ಮ ತಿರುಗಲಿಲ್ಲ. ಮಗಳ ಬರಿ ಹಣೆಯನ್ನು ನೋಡಿದಳು.

"ನಿಮ್ಮಪ್ಪ ಕೊಟ್ಟಿದ್ದು ಅರಿಸಿನ ಕುಂಕುಮಕ್ಕೆ ಅಂತ ಅಲ್ವೇನವ್ವಾ," ಎಂದಳು ಮೆಲ್ಲಗೆ. "ಇನ್ಯಾಕೆ ನಿಂಗದು?"

ಹಾಗೆಂದವಳ ಹಣೆಯೂ ಬರಿದಾಗಿತ್ತು.

ವನಜಾ ಗೆರೆಯನ್ನು ಅಳಿಸಿದಳು. ಹೊರಗಿನ ಬದು ಹಿಡಿದು ಮೊದಲಿಂದ ನಡೆದಳು. ಮಹದೇವು ಮುಂದೆ ಮುಂದೆ ಹೋಗುತ್ತ ಜಾಲಿಯ ಕೊಂಬೆ ಸರಿಸಿದ. "ಮುಳ್ಳೈತೆ, ನೋಡ್ಕೊಂಡು ಬಾರವ್ವ." ಚುಕ್ಕೆ ಹೊರಟಲ್ಲಿಗೆ ಮರಳಿತು, ಪರದೆಯ ಮೇಲೆ ಹೊಲವೆಲ್ಲ ಹಸಿರು ತುಂಬಿಕೊಂಡಿತು. ಮಾಲೀಕರ ಹೆಸರು ಎಂದಿದ್ದಲ್ಲಿ ಅಣ್ಣನ ಹೆಸರನ್ನು ತಪ್ಪಿಲ್ಲದೆ ಬರೆದಳು.

ದೇವಿರಮ್ಮ ಮಡಿಲ ತುಂಬ ಅವರೆಕಾಯಿ ತಂದು ಚೀಲಕ್ಕೆ ಸುರಿಯಹೋದಳು.

"ಬುಡವ್ವಾ. ಇನ್ನೂ ಬಾಳ ನಡೀಬೇಕು."

ಪಕ್ಕದ ಹೊಲದವರು ಕಾಯುತ್ತಿದ್ದರು. ನಿಮ್ಮ ಬದು ಎಲ್ಲಿಂದ ಎಲ್ಲಿಗೆ ಎಂದು ಕೇಳಿ, ಸೆರಗೆಳೆದು ಆ ಕತ್ತಲೆಯೊಳಗೆ ಮುಖ ಇಟ್ಟಳು. ಪರದೆ ಕಂಡ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು.