ಕೈ ಕಟ್ಟಿಸುತ್ತಿದ್ದ ಅಂಕಲ್

ಕೆಂಡಲ್ ಪಾರ್ಕಿನ ರಾಮಸ್ವಾಮಿ ಅಂಕಲ್ ಮನೆಯಲ್ಲಿ ಚಪ್ಪಲಿ ಬಿಟ್ಟರೆ ಸಾಲದು, ಕೈಯನ್ನೂ ಹಿಂದೆ ಕಟ್ಟಿಕೊಳ್ಳಬೇಕಿತ್ತು. ಲಿವಿಂಗ್ ರೂಮಿನ ನಡುವೆ ಅವರ ಚೀನಾ ಮಡಕೆ. ಡಾಕ್ಟರಾಗಲಿ ಡೈರೆಕ್ಟರಾಗಲಿ, ಬೈಸಿಕೊಂಡ ಸ್ಕೂಲ್ ಹುಡುಗರ ಹಾಗೆ ಅದರ ಸುತ್ತ ಸುತ್ತಬೇಕು. ಮುಟ್ಟಿದರೆ ಕೈಯ ಜಿಡ್ಡು ಅಂಟುತ್ತದಂತೆ. ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಸೊಸೆ ನನ್ನ ಹೆಂಡತಿಯ ಗೆಳತಿ, ಹಾಗಾಗಿ ಹೋಗಲೇಬೇಕಿತ್ತು.

ಮಾತು ಮಾತ್ರ, ಹಾಳಾದ್ದು, ಚೆನ್ನಾಗಿ ಆಡುತ್ತಿದ್ದರು. ಹಳದಿ ನದಿಯ ಸೀಮೆ, ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಕುಂಬಾರನ ತಿಗರಿಯ ಮೇಲೆ ತಿರುಗಿಸಿದ್ದಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಪೇರಿಸಿ, ಕೈಯಲ್ಲೇ ನಯ ಮಾಡಿದ್ದು. ಸತ್ತವರ ಜೊತೆ ಹೂಳುತ್ತಿದ್ದರಂತೆ. ಮೇಲರ್ಧಕ್ಕೆ ಕಪ್ಪು ಅಲೆಗಳ ಚಿತ್ತಾರ, ಕೆಳಗೆಲ್ಲ ಬೋಳು. "ನೋಡೋರ ಕಣ್ಣಿಗೆ ಬೀಳೋವಷ್ಟಕ್ಕೆ ಮಾತ್ರ ಬಣ್ಣ. ಎಂಥಾ ಬುದ್ಧಿವಂತರು!" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ನನ್ನ ಅಪ್ಪ ಊರಿನಿಂದ ಈ ದೇಶಕ್ಕೆ ಬಂದಿದ್ದರು. ಮಂಡ್ಯದ ಕಡೆ ನಲವತ್ತು ವರ್ಷ ತಿಗರಿ ತಿರುಗಿಸಿದ ಕುಂಬಾರರು. ಅವರನ್ನೂ ಆ ಮನೆಗೆ ಕರೆದುಕೊಂಡು ಹೋಗಿ ಪರಿಚಯಿಸಿದೆ. ಅಂಕಲ್ ಅಪ್ಪನ ಕೈಯನ್ನೇ ಒಂದು ಗಳಿಗೆ ನೋಡಿ, ಬಾಗಿಲಲ್ಲೇ ತಡೆದರು.

"ಅಲ್ಲೇ ನಿಂತ್ಕೊಳ್ಳಪ್ಪ. ಇದು ನಿಮ್ಮ ಸಂತೆ ಗಡಿಗೆ ಅಲ್ಲ."

ಬಂದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಊಟಕ್ಕೆ ಎದ್ದಾಗ ಅಪ್ಪ, ಕೈ ಹಿಂದೆ ಕಟ್ಟಿಕೊಂಡೇ, ಮಡಕೆಯ ಬಾಯೊಳಗೆ ಇಣುಕಿದರು. ಕಾರಿನಲ್ಲಿ ಮೆಲ್ಲಗೆ ಹೇಳಿದರು: "ಒಳಗಡೆ ಬೆರಳಿನ ಗೆರೆ ಸುತ್ಕೊಂಡು ಮೇಲಕ್ ಬಂದದೆ ಕಣ್ಲ. ತಿಗರೀಲಿ ಎತ್ತಿರೋದು. ನೀನು ಯಾರ್ ತಾವೂ ಬಾಯ್ ಬಿಡ್ಬ್ಯಾಡ."

ಅಪ್ಪ ಊರಿಗೆ ಹೋದ ಮೇಲೆ ಅಂಕಲ್ ಹತ್ತಿರ ಒಬ್ಬನೇ ಹೋದೆ. ಮಡಕೆ ನಕಲಿ ಎಂದು ಮುಖಕ್ಕೇ ಹೇಳಿದೆ. ಅಪ್ಪನ ಕ್ಷಮೆ ಕೇಳಿದರೆ ಸುಮ್ಮನಿರುತ್ತೇನೆ ಎಂದೂ ಹೇಳಿದೆ. ಅವರು ಬೆಚ್ಚಿಬೀಳಲಿ ಎಂದು ಕಾದೆ. ಬೀಳಲಿಲ್ಲ.

"ತಗೊಂಡ ವರ್ಷವೇ ಗೊತ್ತಾಯ್ತು. ಅದಕ್ಕೇ ಅಲ್ವೇನಯ್ಯ ಎಲ್ಲರ ಕೈ ಕಟ್ಸೋದು? ನಿಮ್ಮಪ್ಪನ ಕೈ ನೋಡಿದ ಕೂಡ್ಲೇ ಹೆದರಿಕೆ ಆಯ್ತು."

ಹಾಗಾದರೆ ಅದನ್ನೇ ಅವರಿಗೆ ಹೇಳಿ ಎಂದು, ಅಪ್ಪನ ನಂಬರ್ ಒತ್ತಿ ಫೋನ್ ಚಾಚಿದೆ. ಅತ್ತ ಅಪ್ಪ "ಅಲೋ, ಅಲೋ" ಅನ್ನುತ್ತಿದ್ದರು. ಅಂಕಲ್ ನನ್ನನ್ನು ನೋಡುತ್ತಲೇ ತಮ್ಮ ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡರು.

ಅಪ್ಪನ ಮಾತಿಗೆ ಕಟ್ಟುಬಿದ್ದು ಬೇರೆ ಯಾರಿಗೂ ಹೇಳಲಿಲ್ಲ. ಈ ಜನವರಿಯಲ್ಲಿ ಅಂಕಲ್ ತೀರಿಕೊಂಡರು. ಫ್ಯೂನರಲ್ ಹೋಮಿನಲ್ಲಿ ಒಬ್ಬೊಬ್ಬರಾಗಿ ಪೆಟ್ಟಿಗೆಯ ಹತ್ತಿರ ಹೋಗಿ ಕೈ ಮುಗಿದರು. ನನ್ನ ಸರದಿ ಬಂದಾಗ ನಾನು ಕೈ ಹಿಂದೆ ಕಟ್ಟಿಕೊಂಡು, ಒಂದು ಸುತ್ತು ಬಂದು, ಹೊರಟೆ.